ಕರಗುವುದು ಸ್ಟೆಂಟಿನ ಲೇಪ

ಹೃದಯದ ರಕ್ತನಾಳಕ್ಕೆ ಹಾಕುವ ‘ಕರಗುವ ಪಾಲಿಮರ್’ ಸ್ಟೆಂಟ್ ಎಂದರೆ ಸ್ಟೆಂಟೇ ಕರಗಿಹೋಗುತ್ತದೆಂದು ಅನೇಕರು ತಿಳಿಯುತ್ತಾರೆ. ಆದರೆ ಅದರ ಲೋಹದ ಜಾಲರಿ ಜೀವಮಾನವಿಡೀ ನಾಳದಲ್ಲೇ ಇರುತ್ತದೆ. ಕರಗುವುದು ಔಷಧವನ್ನು ಹಿಡಿದಿಟ್ಟುಕೊಂಡ ತೆಳು ಲೇಪ ಮಾತ್ರ. 1986ರಲ್ಲಿ ಫ್ರಾನ್ಸ್, ಸ್ವಿಟ್ಜರ್‌ಲೆಂಡ್‌ಗಳಲ್ಲಿ ಮೊದಲು ಅಳವಡಿಸಿದ ಸ್ಟೆಂಟ್‌ಗಳು ಬರೀ ಲೋಹದವು. ಸ್ಟೆಂಟ್ ಹಾಕಿದಾಗ ಗಾಯಗೊಂಡ ನಾಳದ ಗೋಡೆ ಮಾಯುವಾಗ ಅಂಗಾಂಶ ಅತಿಯಾಗಿ ಬೆಳೆದು, ಹಲವರಲ್ಲಿ ನಾಳ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿತ್ತು. ಆ ಬೆಳವಣಿಗೆಯನ್ನು ತಡೆಯುವ ಔಷಧವನ್ನು ಪಾಲಿಮರ್‌ನಲ್ಲಿ ಬೆರೆಸಿ ಲೇಪಿಸಿದ ಸ್ಟೆಂಟ್‌ಗಳು 2002-03ರ ಹೊತ್ತಿಗೆ ಬಂದವು. ಒಂದು ತೊಂದರೆ ತಗ್ಗಿತು, ಇನ್ನೊಂದು ಬಂತು. ಔಷಧ ತೀರಿದ ಮೇಲೂ ಪಾಲಿಮರ್ ಅಲ್ಲೇ ಉಳಿದು ಕೆಲವರಲ್ಲಿ ಉರಿಯೂತ ಕೆರಳಿಸಿತು; ವರ್ಷಗಳ ನಂತರ ಸ್ಟೆಂಟಿನೊಳಗೆ ದಿಢೀರನೆ ರಕ್ತ ಹೆಪ್ಪುಗಟ್ಟಿದ್ದೂ ಉಂಟು.

ಲ್ಯಾಕ್ಟಿಕ್ ಆಮ್ಲದ ಸರಪಣಿಯಿಂದ ಮಾಡಿದ ಪಾಲಿಮರ್ ಸ್ಟೆಂಟಿನ ಲೇಪವಾಗಿ ಬಂದದ್ದು ಈ ತೊಡಕಿಗೆ ಉತ್ತರವಾಗಿ. ನೀರಿನಂಶ ತಗುಲಿ ಅದು ತುಂಡಾಗುತ್ತ ಹೋಗಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಕೆಲವು ಸ್ಟೆಂಟ್‌ಗಳಲ್ಲಿ ನಾಲ್ಕೇ ತಿಂಗಳು ಸಾಕು, ಕೆಲವಕ್ಕೆ ವರ್ಷಕ್ಕೂ ಹೆಚ್ಚು ಬೇಕು. ಯುರೋಪಿನ ‘ಲೀಡರ್ಸ್’ ಅಧ್ಯಯನದಲ್ಲಿ ಇಂಥ ಸ್ಟೆಂಟನ್ನು ಮೊದಲ ಪೀಳಿಗೆಯ ಸ್ಟೆಂಟಿಗೆ ಹೋಲಿಸಿದರು. ಐದು ವರ್ಷದ ಲೆಕ್ಕದಲ್ಲಿ, ಮೊದಲ ವರ್ಷ ಕಳೆದ ಮೇಲಿನ ಹೆಪ್ಪುಗಟ್ಟುವಿಕೆ ಕರಗುವ ಪಾಲಿಮರ್‌ನಲ್ಲಿ ಕಡಿಮೆಯಿತ್ತು. ಅಂದಮೇಲೆ ಕರಗುವುದೇ ಶ್ರೇಷ್ಠ ಎನ್ನಬಹುದೇ? ಇಲ್ಲಿ ತುಸು ತಾಳ್ಮೆ ಬೇಕು. ಅಷ್ಟರಲ್ಲಿ ಕರಗದ ಪಾಲಿಮರ್ ಕೂಡ ಸುಧಾರಿಸಿತ್ತು. ಜಾಲರಿಯ ತಂತಿಯ ದಪ್ಪ ಸುಮಾರು 140 ಮೈಕ್ರಾನ್‌ನಿಂದ 80ರ ಆಸುಪಾಸಿಗೆ ಇಳಿದಿತ್ತು. ಅಂಥ ಹೊಸ ಸ್ಟೆಂಟಿನೊಡನೆ, ಸೂರತ್‌ನ ಕಂಪನಿಯೊಂದರ 60 ಮೈಕ್ರಾನ್ ತಂತಿಯ, ಕರಗುವ ಲೇಪದ ಸ್ಟೆಂಟನ್ನು ಯುರೋಪಿನಲ್ಲೇ ಪರೀಕ್ಷಿಸಿದ ‘ಟ್ಯಾಲೆಂಟ್’ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಫಲಿತಾಂಶದಲ್ಲಿ ನಮ್ಮ ದೇಶದ ಸ್ಟೆಂಟ್ ಅದಕ್ಕಿಂತ ಕಡಿಮೆಯೇನಲ್ಲ ಎಂದು ಸಾಬೀತಾಯಿತು. ಅದು ಹೆಮ್ಮೆಯ ಮಾತೇ. ಆದರೆ ಮೇಲುಗೈಯ ಪುರಾವೆಯಲ್ಲ.

ಹಾಗಾದರೆ ಇಡೀ ಸ್ಟೆಂಟನ್ನೇ ಕರಗುವಂತೆ ಮಾಡಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾಡಿ ನೋಡಿದ್ದಾರೆ. ‘ಅಬ್ಸಾರ್ಬ್’ ಎಂಬ ಪಾಲಿಮರ್ ಸ್ಟೆಂಟಿಗೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ಪಾಲಿಮರ್‌ಗೆ ಲೋಹದ ಬಲವಿಲ್ಲದ್ದರಿಂದ ಅದರ ಎಳೆಗಳು 150 ಮೈಕ್ರಾನ್‌ನಷ್ಟು ದಪ್ಪ. ಹೆಪ್ಪುಗಟ್ಟುವಿಕೆ ಹೆಚ್ಚೇ ಕಂಡು, 2017ರಲ್ಲಿ ಮಾರಾಟ ನಿಂತಿತು. ಕರಗುವ ಗುಣವೊಂದನ್ನೇ ನಂಬಿ ಆಯ್ಕೆ ಮಾಡಬಾರದೆನ್ನಲು ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಲೇಪ ಕರಗಿತೆಂದು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂಥ ಮಾತ್ರೆಗಳನ್ನು ನೀವಾಗಿಯೇ ಬಿಡುವುದಂತೂ ಅಪಾಯ. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡೂ ಮಾತ್ರೆ ಬೇಕು. ಹಲ್ಲು ಕೀಳಿಸುವ ಮುನ್ನವೂ, ದಯವಿಟ್ಟು, ನಿಮ್ಮ ಹೃದ್ರೋಗ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬೇಡಿ.