ಹಳೆಯ ಕಾರಿನ ಟೈರು: ಸವೆತದಿಂದ ದೋಷವನ್ನು ಗುರುತಿಸುವ ಬಗೆ

ಜೂನ್ ತಿಂಗಳ ಮಳೆಗೆ ಮೊದಲು ಟೈರುಗಳನ್ನು ತೋರಿಸಿಕೊಳ್ಳುವುದು ಮುಂಬಯಿಯ ಅನೇಕ ಕಾರು ಮಾಲೀಕರ ವಾಡಿಕೆ. ಹದಿನೈದು ವರ್ಷ ದಾಟಿದ ಕಾರೊಂದು ಬೊರಿವಲಿಯಿಂದಲೋ ಮುಲುಂಡಿನಿಂದಲೋ ಅಂಗಡಿಗೆ ಬರುತ್ತದೆ. ಮುಂದಿನ ಎಡಗಾಲಿಯ ಟೈರಿನ ಒಳ ಅಂಚು ಪೂರ್ತಿ ನುಣುಪಾಗಿರುತ್ತದೆ. ಹೊರ ಅಂಚಿನ ಗೀರುಗಳು ಇನ್ನೂ ಆಳವಾಗಿಯೇ ಇರುತ್ತವೆ. ಮಾಲೀಕರು ಹೊಸ ಟೈರು ಹಾಕಿಸುತ್ತಾರೆ, ಇಲ್ಲವೆ ಸವೆದುದನ್ನು ಹಿಂದಿನ ಗಾಲಿಗೆ ಬದಲಾಯಿಸಿ ಸಮಾಧಾನ ಪಡುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಹೊಸ ಟೈರಿನ ಒಳ ಅಂಚೂ ಅದೇ ಸ್ಥಿತಿಗೆ ಬಂದಿರುತ್ತದೆ. ಸವೆದ ಟೈರು ಕಾರಿನ ಬೇರೊಂದು ಭಾಗದ ದೋಷವನ್ನು ತೋರಿಸುವ ದಾಖಲೆ. ಅದನ್ನು ಓದುವ ಮೊದಲೇ ಕಳಚಿ ಎಸೆದರೆ ಹಣ ಹೋಗುತ್ತದೆ, ದೋಷ ಕಾರಿನಲ್ಲಿಯೇ ಉಳಿಯುತ್ತದೆ.

ಹಣದ ಮಾತಷ್ಟೇ ಆಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಟೈರಿನ ಗೀರುಗಳು ರಸ್ತೆಯ ನೀರನ್ನು ಹೊರಕ್ಕೆ ತಳ್ಳುತ್ತವೆ. ಗೀರು ಅಳಿದ ಕಡೆ ನೀರಿನ ಪದರ ರಬ್ಬರಿಗೂ ರಸ್ತೆಗೂ ನಡುವೆ ನಿಂತು, ವೇಗದಲ್ಲಿ ಗಾಲಿ ತೇಲತೊಡಗುತ್ತದೆ. ಆಗ ಬ್ರೇಕಾಗಲಿ ಸ್ಟಿಯರಿಂಗ್ ಆಗಲಿ ಕೆಲಸಕ್ಕೆ ಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಕಾರಿನ ಟೈರಿನ ಗೀರು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು. ಒಳ ಅಂಚು ನಿಂತ ಕಾರಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳದು. ಆದುದರಿಂದ ಒಳ ಅಂಚು, ನಡು, ಹೊರ ಅಂಚು ಎಂಬ ಮೂರು ಕಡೆಯೂ ಅಳೆದು, ನಾಲ್ಕು ಗಾಲಿಗಳ ಅಳತೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಟೈರುಗಳನ್ನು ಸ್ಥಳ ಬದಲಾಯಿಸುವುದಕ್ಕೆ ಮೊದಲೇ ಈ ಕೆಲಸವಾಗಬೇಕು. ಬದಲಾಯಿಸಿದ ಮೇಲೆ ಯಾವ ಗಾಲಿಯ ದೋಷ ಯಾವುದೆಂದು ಹೇಳುವುದು ನುರಿತ ಮೆಕ್ಯಾನಿಕ್‌ಗೂ ಕಷ್ಟ.

ಎರಡೂ ಅಂಚುಗಳು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಾಗಿತ್ತೆಂದು ಅರ್ಥ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಗಾಳಿಯ ಪ್ರಮಾಣವನ್ನು ಕಾರಿನ ಕೈಪಿಡಿಯಿಂದ ತಿಳಿಯಬೇಕೇ ಹೊರತು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯಿಂದಲ್ಲ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುವುದರಿಂದ ಬೆಳಿಗ್ಗೆ ಹೊರಡುವ ಮುನ್ನ ನೋಡುವುದು ಲೇಸು. ರಜೆಯಲ್ಲಿ ಸಾಮಾನು ತುಂಬಿಕೊಂಡು ಉಡುಪಿ, ಮಂಗಳೂರುಗಳ ಕಡೆಗೆ ಹೊರಡುವ ಕುಟುಂಬಗಳು ತುಂಬಿದ ಹೊರೆಗೆ ಕೈಪಿಡಿ ಹೇಳುವ ಒತ್ತಡವನ್ನೇ ಅನುಸರಿಸತಕ್ಕದ್ದು.

ಗಾಲಿಯ ಕೋನದ ದೋಷವನ್ನು ಅಂಗೈ ಕಂಡುಹಿಡಿಯುತ್ತದೆ. ಟೈರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪಾಗಿ, ಮರುದಿಕ್ಕಿಗೆ ಗರಗಸದ ಹಲ್ಲಿನಂತೆ ತಗುಲಿದರೆ ಮುಂದಿನ ಎರಡು ಗಾಲಿಗಳು ಪರಸ್ಪರ ಸಮಾನಾಂತರವಾಗಿಲ್ಲವೆಂದು ತಿಳಿಯಬೇಕು. ಗಾಲಿಗಳ ಮುಂಭಾಗ ಅತಿಯಾಗಿ ಒಳಕ್ಕೆ ಮುಖಮಾಡಿದ್ದರೆ ಹೊರ ಅಂಚು ಬೇಗ ಸವೆದು, ಚೂಪಾದ ತುದಿಗಳು ಕಾರಿನ ಒಳಮಗ್ಗುಲಿಗೆ ತಿರುಗಿರುತ್ತವೆ. ಹೊರಕ್ಕೆ ಮುಖಮಾಡಿದ್ದರೆ ಇದಕ್ಕೆ ತದ್ವಿರುದ್ಧ. ಹಲ್ಲಿನ ಸ್ಪರ್ಶವಿಲ್ಲದೆ ಒಂದೇ ಅಂಚು ನುಣುಪಾಗಿ ಸವೆದಿದ್ದರೆ ಗಾಲಿ ನೆಟ್ಟಗೆ ನಿಲ್ಲದೆ ವಾಲಿದೆ. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಿದ್ದರೆ ಸಂಶಯ ಷಾಕ್ ಅಬ್ಸಾರ್ಬರ್, ಬೇರಿಂಗ್ ಅಥವಾ ಗಾಲಿಯ ಸಮತೋಲನದ ಮೇಲೆ ಹೋಗಬೇಕು.

ಇಷ್ಟು ಎಲ್ಲ ಕಾರುಗಳಿಗೂ ಅನ್ವಯಿಸುವ ಮಾತು. ಹಳೆಯ ಕಾರಿನ ತೊಡಕು ಬೇರೆ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗಿ ದಶಕಗಳ ಕಾಲ ಈ ನಗರದ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿದ ಪ್ರೀಮಿಯರ್ ಪದ್ಮಿನಿಯನ್ನೇ ನೋಡಬಹುದು. 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯು 20 ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾಯಿತು. ಅದರ ಮುಂಗಾಲಿಗಳು ಸುರುಳಿ ಸ್ಪ್ರಿಂಗಿನ ಮೇಲೆ ನಿಂತಿದ್ದವು. ಸ್ಪ್ರಿಂಗ್ ಕುಗ್ಗಿದಂತೆ ಇಂತಹ ರಚನೆಯಲ್ಲಿ ಗಾಲಿಯ ಮೇಲ್ಭಾಗ ಒಳಕ್ಕೆ ವಾಲಿ ಒಳ ಅಂಚು ಸವೆಯುತ್ತದೆ. ಅನಂತರ ಮನೆಮನೆಗೆ ಬಂದ ಮಾರುತಿ 800ರ ಮುಂದಿನ ರಚನೆ ಭಿನ್ನ. ಅದರಲ್ಲಿ ಗಾಲಿಯ ವಾಲುವಿಕೆಯನ್ನು ತಿರುಗಿಸಿ ಸರಿಪಡಿಸುವ ತಿರುಪು ಇಲ್ಲ. ವಾಲಿದೆಯೆಂದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ. ಮುಂಬಯಿಯ ರಸ್ತೆಗುಂಡಿಗಳೂ ಕಾಲುದಾರಿಯ ಅಂಚಿನ ಕಲ್ಲುಗಳೂ ಈ ಕೆಲಸವನ್ನು ಧಾರಾಳವಾಗಿಯೇ ಮಾಡುತ್ತವೆ, ಎಡಗಾಲಿಗಳಿಗೆ ತುಸು ಹೆಚ್ಚಾಗಿಯೇ.

ಕೀಲುಗಳು ಸಡಿಲವಾಗಿರುವಾಗ ವೀಲ್ ಅಲೈನ್‌ಮೆಂಟ್ ಮಾಡಿಸುವುದು ವ್ಯರ್ಥ. ಯಂತ್ರ ನಿಂತ ಕಾರಿನ ಕೋನವನ್ನು ಅಳೆಯುತ್ತದೆ. ಅಚ್ಚಾಗಿ ಬಂದ ಕಾಗದದಲ್ಲಿ ಅಂಕಿಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಕಾರು ಓಡಲಾರಂಭಿಸಿದೊಡನೆ ಸಡಿಲ ಗಾಲಿ ತನ್ನ ಹಳೆಯ ದಿಕ್ಕಿಗೆ ಮರಳುತ್ತದೆ. ಕಾಗದವನ್ನು ನಂಬಿ ಟೈರನ್ನು ದೂರುವವರು ಕಡಿಮೆಯಿಲ್ಲ.

ಸಡಿಲವನ್ನು ಪರೀಕ್ಷಿಸುವುದು ಕಠಿಣವಲ್ಲ. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಅಡ್ಡ ಕಲ್ಲಿಟ್ಟು, ಮುಂದಿನ ಒಂದು ಗಾಲಿಯನ್ನು ಜಾಕ್‌ನಿಂದ ಎತ್ತಬೇಕು. ಬರಿಯ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾರೂ ಹೋಗಕೂಡದು. ಗಾಲಿಯನ್ನು ಎಡಕ್ಕೂ ಬಲಕ್ಕೂ ಹಿಡಿದು ಅಲುಗಿಸಿದಾಗ ಸಡಿಲವಿದ್ದರೆ ಸ್ಟಿಯರಿಂಗಿನ ಟೈ ರಾಡ್ ತುದಿಗಳು ಸವೆದಿರಬಹುದು. ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಸಡಿಲವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇವೆರಡನ್ನು ಬೇರ್ಪಡಿಸಲು ಒಳಗೆ ಕುಳಿತವರು ಬ್ರೇಕ್ ಒತ್ತಿದರೆ ಸಾಕು: ಅಲುಗಾಟ ನಿಂತರೆ ದೋಷ ಬೇರಿಂಗಿನದು, ಮುಂದುವರಿದರೆ ಕೀಲಿನದು.

ಮೊದಲು ಕೀಲು, ಬುಷ್, ಸ್ಪ್ರಿಂಗ್, ಬಳಿಕ ಟೈರು ಮತ್ತು ಗಾಲಿಯ ಸಮತೋಲನ, ಅಲೈನ್‌ಮೆಂಟ್ ಕೊನೆಗೆ. ಟೈರು ಕೊಳ್ಳುವಾಗ ಪಕ್ಕದ ನಾಲ್ಕು ಅಂಕಿಗಳನ್ನೂ ಓದಬೇಕು. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು. ಎರಡು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದೇ ಮೂರು ಕಡೆ ಮತ್ತೆ ಅಳೆದು ಹಳೆಯ ಚೀಟಿಯೊಂದಿಗೆ ಹೋಲಿಸಿದರೆ, ರಿಪೇರಿ ಸರಿಯಾಯಿತೋ ಇಲ್ಲವೋ ಎಂಬುದು ಆ ಅಂಕಿಗಳಲ್ಲಿಯೇ ಕಾಣುತ್ತದೆ.