ಕಾರ್ಡು ಹೇಳುವ ವಯಸ್ಸು

"ಅಜ್ಜೀ, ನಿನಗೆ ವಯಸ್ಸೆಷ್ಟು?" ಎಂದರೆ, "ಊರ ಕೆರೆ ಕೋಡಿ ಬಿದ್ದ ವರ್ಷ ನಾನು ತೊಟ್ಟಿಲ ಕೂಸಂತೆ" ಎಂಬ ಉತ್ತರ ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಅಂಥ ಅಜ್ಜಿಯ ಕೈಯಲ್ಲಿಯೂ ಈಗ ಆಧಾರ್ ಕಾರ್ಡಿದೆ. ಅದರಲ್ಲಿ ಬರೀ ಹುಟ್ಟಿದ ವರ್ಷವಿರಬಹುದು, ಇಲ್ಲವೆ ಜನವರಿ 1 ಎಂದಿರಬಹುದು. ಅದು ಎಲ್ಲಿಂದ ಬಂತು? ನೋಂದಾಯಿಸುವಾಗ ವಯಸ್ಸು ಕೇಳಿದರು; ಅಜ್ಜಿ ಅಂದಾಜು ಹೇಳಿದಳು; ಅದರಿಂದ ವರ್ಷವನ್ನು ಲೆಕ್ಕ ಹಾಕಿದರು. ನಾವು ಹೇಳಿದ್ದನ್ನೇ ಕಾರ್ಡು ನಮಗೆ ತಿರುಗಿ ಹೇಳುತ್ತದೆ, ಅಷ್ಟೆ.

ಒಂದೆರಡು ವರ್ಷದ ಅಂತರದಿಂದ ಏನು ಮಹಾ ನಷ್ಟ ಎನ್ನಬೇಡಿ. ಹರಿಯಾಣದಲ್ಲಿ 2015ರಲ್ಲಿ ಒಬ್ಬಾತ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಶಾಲೆಯ ವರ್ಗಾವಣೆ ಪತ್ರದಂತೆ ಆತನ ವಯಸ್ಸು 45, ಆಧಾರಿನಂತೆ 47ರ ಲೆಕ್ಕ. ಇಂಥ ಪರಿಹಾರವನ್ನು ಕಟ್ಟುವಾಗ, ಮನೆಗೆ ತಪ್ಪಿದ ವರುಷದ ಆದಾಯವನ್ನು ವಯಸ್ಸಿಗೆ ತಕ್ಕ ಅಂಕೆಯಿಂದ ಗುಣಿಸುತ್ತಾರೆ. 45ರವರೆಗೆ ಆ ಅಂಕೆ 14. ಅದು ದಾಟಿದರೆ 13. ಅಂದರೆ ಆ ಸಂಸಾರಕ್ಕೆ ಒಂದು ವರುಷದ ಅನ್ನದ ಪ್ರಶ್ನೆ! ಹೈಕೋರ್ಟು ಆಧಾರನ್ನು ನಂಬಿತ್ತು. 2024ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು ಶಾಲೆಯ ಪತ್ರವನ್ನೇ ಎತ್ತಿಹಿಡಿಯಿತು. ಆಧಾರ್ ಗುರುತಿಗೆ ಸಾಕ್ಷಿ, ಹುಟ್ಟಿದ ದಿನಕ್ಕಲ್ಲ ಎಂಬುದು ತೀರ್ಪಿನ ಸಾರ. ಅದೇ ವರ್ಷ ಜನವರಿಯಲ್ಲಿಯೇ ಭವಿಷ್ಯನಿಧಿಯ ಕಚೇರಿಯೂ ಜನ್ಮದಿನದ ದಾಖಲೆಗಳ ಪಟ್ಟಿಯಿಂದ ಆಧಾರನ್ನು ತೆಗೆದುಹಾಕಿತ್ತು.

ಹಾಗಾದರೆ ಶಾಲೆಯ ಮೇಷ್ಟ್ರು ಬರೆದದ್ದೆಲ್ಲ ವೇದವಾಕ್ಯವೆ? ಅಲ್ಲ, ಅಲ್ಲಿಯೂ ಅಂದಾಜಿನ ತಾರೀಖುಗಳುಂಟು. ಆದರೆ ಅದು ವ್ಯಾಜ್ಯ ಹುಟ್ಟುವ ಎಷ್ಟೋ ವರುಷ ಮೊದಲು, ಲಾಭನಷ್ಟದ ಯೋಚನೆಯಿಲ್ಲದಾಗ ಬರೆದದ್ದು. ಅದರ ಬೆಲೆ ಅಲ್ಲಿದೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ಹುಟ್ಟಿದಾಗಲೇ ಬರೆಸಿದ್ದು. 1969ರ ಜನನ ಮರಣ ನೋಂದಣಿ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿದೆ. ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ವಾಹನದ ಲೈಸೆನ್ಸಿಗೆ ಜನನ ಪತ್ರವೇ ವಯಸ್ಸಿನ ಸಾಕ್ಷಿ. ಹುಟ್ಟಿದ 21 ದಿನಗಳೊಳಗೆ ಬರೆಸಿದರೆ ಶುಲ್ಕವಿಲ್ಲ. ತಡವಾದಷ್ಟೂ ಅಲೆದಾಟ ಹೆಚ್ಚು.

ಇಂದು ರಾತ್ರಿ ಊಟವಾದ ಮೇಲೆ ಮನೆಯ ಕಾಗದಪತ್ರಗಳ ಪೆಟ್ಟಿಗೆ ತೆರೆಯಿರಿ. ಶಾಲೆಯ ಪತ್ರ, ಪಾಸ್‌ಪೋರ್ಟು, ಪಿಂಚಣಿ ಪುಸ್ತಕ, ಆಧಾರ್ ಇವನ್ನು ಪಕ್ಕಪಕ್ಕದಲ್ಲಿಟ್ಟು ತಾರೀಖುಗಳನ್ನು ಓದಿನೋಡಿ. ಹೊಂದದಿದ್ದರೆ, ಹೇಳಬಲ್ಲ ಹಿರಿಯರು ಎದುರಿಗಿರುವಾಗಲೇ ಸರಿಪಡಿಸಿಕೊಳ್ಳಿ. ಆಮೇಲೆ ಕೆರೆ ಕೋಡಿ ಬಿದ್ದ ವರ್ಷ ಯಾವುದೆಂದು ಯಾರನ್ನು ಕೇಳುವಿರಿ?