ಗ್ಯಾಲರಿಯಲ್ಲಿ ಕೂತು ಯಾರ ಪರ ಕೂಗೋದು?

ನಾನು ಹಾಸನದವನು. ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಮುಂಬೈಗೆ ಬಂದು ಚೆಂಬೂರಿನಲ್ಲಿ ಮನೆ ಮಾಡಿ ಬಹಳ ವರ್ಷ ಆಯ್ತು. ಇವತ್ತು ಹಾಕಿ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಹಾಕಿ ನೋಡೋಕೆ ಬರೋ ಜನರ ಬಗ್ಗೆ ಮಾತಾಡ್ತೀನಿ.

2012ರ ಮಾರ್ಚ್. ಎಂಟು ತಂಡಗಳ ವರ್ಲ್ಡ್ ಸೀರೀಸ್ ಹಾಕಿ ನಡೀತಿತ್ತು. ಮುಂಬೈ ಮೆರೀನ್ಸ್‌ನ ತವರು ಮೈದಾನ ಚರ್ಚ್‌ಗೇಟ್ ಹತ್ತಿರದ ಮಹೀಂದ್ರಾ ಸ್ಟೇಡಿಯಂ. ನನ್ನ ಆಫೀಸಿನ ಸೀನಿಯರ್ ಒಬ್ರು ಕೊಡಗಿನವರು. "ಕರ್ನಾಟಕ ಲಯನ್ಸ್ ಬರ್ತಿದೆ, ಬರ್ತೀಯೇನಪ್ಪ?" ಅಂದ್ರು. ಹಾರ್ಬರ್ ಲೈನ್ ಹಿಡಿದು ಸಿಎಸ್‌ಟಿಗೆ ಹೋಗಿ ಅಲ್ಲಿಂದ ನಡೆದೆವು.

ನನಗೆ ಹಾಕಿ ಗೊತ್ತಿರಲಿಲ್ಲ. ಮೈಕಿನವನು ಕೂಗಿ ಅಂದಾಗ ಕೂಗ್ತಿದ್ದೆ, ಅಷ್ಟೇ. ಸೀನಿಯರ್ ಮಾತ್ರ ಸುಮ್ಮನೆ ಕೂತಿದ್ರು. ಪೆನಾಲ್ಟಿ ಕಾರ್ನರ್ ಸಿಕ್ಕಿದ್ದೇ ತಡ, ಎದ್ದು ನಿಂತ್ರು. "ಈಗ ನೋಡು. ಗೋಲ್‌ಕೀಪರ್ ಸೇರಿ ಐದೇ ಜನ ತಡೆಯೋರು. ಫ್ಲಿಕ್ ಮಾಡಿದ್ರೆ ಚೆಂಡು ಎಷ್ಟು ಎತ್ತರಕ್ಕಾದ್ರೂ ಹೋಗಬಹುದು, ಹೊಡೆದ್ರೆ ಗೋಲಿನ ಹಲಗೆಯಷ್ಟೇ ಎತ್ತರ, ಹದಿನೆಂಟು ಇಂಚು." ಅವರು ಹೇಳಿದ್ದು ಕೇಳಿ ನಾನೂ ಉಸಿರು ಹಿಡಿದು ನಿಂತೆ. ಚೆಂಡು ಹಲಗೆಗೆ ಬಡಿದ ಸದ್ದು ಕೇಳಿದ ಮೇಲೇ ಗೋಲು ಅಂತ ಗೊತ್ತಾಗಿದ್ದು. ಆಗ ನನ್ನ ಗಂಟಲಿಂದ ಬಂದ ಕೂಗಿಗೆ ಮೈಕಿನವನು ಬೇಕಾಗಲಿಲ್ಲ.

ಪಕ್ಕದಲ್ಲಿ ಮರಾಠಿ ಅಜ್ಜ ಒಬ್ರು. ಧನರಾಜ್ ಪಿಳ್ಳೈ ಆ ಸಲ ಕರ್ನಾಟಕ ಲಯನ್ಸ್ ಸೇರಿದ್ರು. ಆದ್ರೂ ಅಜ್ಜನಿಗೆ ಅವರು "ಆಪ್ಲಾ ಧನರಾಜ್". ಜೆರ್ಸಿ ಬದಲಾದ್ರೂ ಪ್ರೀತಿ ಬದಲಾಗಿರಲಿಲ್ಲ.

ಆ ಲೀಗ್ ಒಂದೇ ಸೀಸನ್‌ಗೆ ಮುಗೀತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂತು, 2017ರ ನಂತರ ನಿಂತಿತು, 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯ್ತು. ಆ ಸಲ ಎಂಟು ಪುರುಷರ ತಂಡಗಳಲ್ಲಿ ಮುಂಬೈದೂ ಇಲ್ಲ, ಬೆಂಗಳೂರಿಂದೂ ಇಲ್ಲ. ಪಂದ್ಯಗಳು ನಡೆದಿದ್ದು ರೂರ್ಕೆಲಾ, ರಾಂಚಿಯಲ್ಲಿ. ಯಾಕೆ ಅಲ್ಲಿ? ದಿಲೀಪ್ ಟಿರ್ಕಿ, ಅಮಿತ್ ರೋಹಿದಾಸ್ ಹುಟ್ಟಿದ ಸುಂದರ್‌ಗಢ ಜಿಲ್ಲೆಯಲ್ಲೇ ರೂರ್ಕೆಲಾ ಇರೋದು. ಇಪ್ಪತ್ತು ಸಾವಿರ ಸೀಟಿನ ಸ್ಟೇಡಿಯಂ ಕಟ್ಟಿದ್ದು ಸರ್ಕಾರ, ಆದ್ರೆ ಅದಕ್ಕೂ ಮೊದಲೇ ಹಳ್ಳಿ ಹಳ್ಳಿಯಲ್ಲಿ ಹಾಕಿ ನೋಡೋ ಜನ ಇದ್ರು.

ನಮ್ಮ ಕೊಡಗೂ ಹಾಗೇ. 1997ರಲ್ಲಿ ಕರಡದಲ್ಲಿ 60 ಕುಟುಂಬ ತಂಡಗಳಿಂದ ಶುರುವಾದ ಕೊಡವ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಅದು ಪ್ರೊಫೆಶನಲ್ ಲೀಗ್ ಅಲ್ಲ, ಕೋಟಿಗಟ್ಟಲೆ ಹರಾಜಿಲ್ಲ. ಆದ್ರೆ ಮೈದಾನದಲ್ಲಿ ಓಡೋನು ಚಿಕ್ಕಪ್ಪನ ಮಗ ಆದಾಗ ಕೂಗು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಮಗಳು ಹುಟ್ಟಿದ್ದು ಚೆಂಬೂರಲ್ಲಿ. ಮನೇಲಿ ಕನ್ನಡ, ಕೆಳಗೆ ಆಡೋಕೆ ಹೋದ್ರೆ ಮರಾಠಿ. ಮೊನ್ನೆ ಟಿವಿಯಲ್ಲಿ ಹಾಕಿ ನೋಡ್ತಾ ಕೇಳಿದ್ಳು: "ಅಪ್ಪಾ, ನಮ್ದು ಯಾವ ಟೀಮು?"

ಊರು ಬಿಟ್ಟು ಬಂದವರಿಗೆಲ್ಲ ಇದು ಕಷ್ಟದ ಪ್ರಶ್ನೆ ಅಲ್ವಾ? ಕರ್ನಾಟಕ ಅನ್ನಲಾ? ಅವಳು ಅಲ್ಲಿರೋದು ವರ್ಷಕ್ಕೆ ಹತ್ತು ದಿನ. ಮುಂಬೈ ಅನ್ನಲಾ? ಆ ಹೆಸರಿನ ತಂಡವೇ ಆಗ ಇರಲಿಲ್ಲ. ಕೊನೆಗೆ ಹೇಳಿದೆ, "ಮೊದಲು ಮೈದಾನಕ್ಕೆ ಹೋಗೋಣ, ನೋಡೋಣ. ಯಾರ ಆಟ ನೋಡಿ ನೀನಾಗಿ ಎದ್ದು ನಿಲ್ತೀಯೋ, ಅದೇ ನಿನ್ನ ಟೀಮು."

ನನ್ನ ಸೀನಿಯರ್ ನನಗೆ ಮಾಡಿದ್ದೂ ಅದನ್ನೇ. ಟಿಕೆಟ್ ತೆಗೆದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪೆನಾಲ್ಟಿ ಕಾರ್ನರ್ ಅರ್ಥ ಮಾಡಿಸಿದ್ರು. ನೀವೂ ನಿಮ್ಮ ಮನೆಯ ಒಂದು ಮಗುವಿಗೆ ಅಷ್ಟು ಮಾಡಿ.